ತಾನಾಗಿ ಹುಳಿಯಾದ ಶೀಸೆ

ಮೊಯ್ದಿನನ ಪೀಕಲಾಟಕ್ಕೆಲ್ಲ ಕಾರಣ ಒಂದು ಹಸಿರು ಶೀಸೆ. ಕೊಕ್ಕರೆಯ ಹಾಗೆ ಉದ್ದ ಕತ್ತು, ಹೊಟ್ಟೆಯ ಮೇಲೆ ದ್ರಾಕ್ಷಿಗೊಂಚಲಿನ ಚಿತ್ರ. ರಜೆ ಮುಗಿಸಿ ಜರ್ಮನಿಯಿಂದ ಬಂದ ಮ್ಯಾನೇಜರ್ ಫಿಡೆಲಿಸ್ ಅದನ್ನು ಅವನ ಕೈಗಿಟ್ಟಿದ್ದ.

"ನಮ್ಮಪ್ಪನ ತೋಟದ್ದು. ಏಳು ತಲೆಮಾರಿನಿಂದ ರೀಸ್ಲಿಂಗ್ ದ್ರಾಕ್ಷಿ ಬೆಳೆದು ವೈನ್ ಮಾಡುವ ಮನೆ ನಮ್ಮದು. ಹೆದರಬೇಡ, ಇದು ವಿನೆಗರ್. ಶುಕ್ರವಾರ ಸಂಜೆ ನಿನ್ನ ಮನೆಗೆ ಮೀನು ತಿನ್ನಲು ಬರುತ್ತೇನೆ, ಮಸಾಲೆಗೆ ಇದನ್ನೇ ಹಾಕಿಸು."

ಆ ಊಟ ಮೊಯ್ದಿನನಿಗೂ ಬೇಕಿತ್ತು. ಕತಾರಿನ ರಾಸ್ ಲಫಾನ್ ಗ್ಯಾಸ್ ಸ್ಥಾವರದ ಬಿಸಿಲಲ್ಲಿ ಪೈಪು ಕಾದು ಕಾದು ಒಣ ಸಿಗಡಿಯಾಗಿದ್ದವನನ್ನು ದೋಹಾದ ಎಸಿ ಆಫೀಸಿಗೆ ಹಾಕಬಲ್ಲವನು ಫಿಡೆಲಿಸ್ ಒಬ್ಬನೇ.

ಶುಕ್ರವಾರ ಜುಮಾ ನಮಾಜು ಮುಗಿಸಿ ದೋಹಾ ಪಕ್ಕದ ಅಲ್ ರಯ್ಯಾನಿನ ತನ್ನ ಮನೆಗೆ ಬಂದರೆ, ಹೆಂಡತಿ ಸುಬೈದಾ ಅಂಜಲ್ ಮೀನಿನ ಮುಂದೆ ಕೈಕಟ್ಟಿ ನಿಂತಿದ್ದಳು.

"ಶರಾಬಿನಿಂದ ಆದದ್ದಲ್ವಾ ಇದು? ನಾನು ಮುಟ್ಟಲ್ಲ. ಮೇಲಿನ ಮನೆ ಉಸ್ತಾದರನ್ನು ಕೇಳಿ ಬನ್ನಿ."

ಊರಲ್ಲಿ ಮದ್ರಸದ ಮಕ್ಕಳಿಗೆ ಓದಿಸುತ್ತಿದ್ದ ಅಬ್ದುಲ್ ಲತೀಫ್ ಉಸ್ತಾದರು ಕೆಳಗಿಳಿದು ಬಂದು, ಶೀಸೆಯನ್ನು ಬೆಳಕಿಗೆ ಹಿಡಿದು, ಬೈತ್ ಪದ್ಯ ಹಾಡುವ ರಾಗದಲ್ಲೇ ಹೇಳಿದರು: "ವೈನು ತಾನಾಗಿ ಹುಳಿಯಾದರೆ ಹಲಾಲ್. ಮನುಷ್ಯ ಏನಾದರೂ ಬೆರೆಸಿ ಹುಳಿ ಮಾಡಿದ್ದರೆ ನಮ್ಮ ಪಂಥದ ಶಾಫಿಗಳಿಗೆ ಮಾಫಿ, ಅಂದರೆ ಕೂಡದು!"

"ಬೆರೆಸಿದ್ದಾರೋ ಇಲ್ಲವೋ, ನೋಡಿ ಹೇಳಿ ಉಸ್ತಾದ್."

"ಶೀಸೆ ಬಾಯಿ ಬಿಡುತ್ತದಾ? ಮಾಡಿದವರನ್ನೇ ಕೇಳು."

ಅಷ್ಟರಲ್ಲಿ ಪಕ್ಕದ ಮನೆಯ ತಾರಾನಾಥ ವಾಸನೆ ಹಿಡಿದು ಬಂದ. "ನಾನು ರುಚಿ ನೋಡಿ ಹೇಳ್ತೇನೆ ಮಾರಾಯ, ನನಗೇನೂ ತೊಂದರೆಯಿಲ್ಲ." ಆಸೆಯಿಂದ ಒಂದು ಗುಟುಕು ಎಳೆದದ್ದೇ, ಮುಖ ಹಿಂಡಿದ ನಿಂಬೆಯಾಯಿತು. "ವಿನೆಗರೇ, ಪಾಪಿ! ಹೇಗಾಯಿತೆಂದು ನನಗೇನು ಗೊತ್ತು? ಅಂಗಡಿಯದ್ದು ಹಾಕಿ ಇದೇ ಅನ್ನು, ಖಲಾಸ್."

"ಮನೆಗೆ ಕರೆದು ಸುಳ್ಳು ಬಡಿಸುವುದಾ?" ಎಂದಳು ಸುಬೈದಾ.

ಫಿಡೆಲಿಸ್ ಬಂದಾಗ ಮೀನು ಇನ್ನೂ ಹಸಿಯೇ ಇತ್ತು. ಇಬ್ಬರು ಪಂಡಿತರೂ ಸೋಫಾ ಬಿಟ್ಟು ಕದಲಿರಲಿಲ್ಲ. ಮೊಯ್ದಿನ್ ಕೈ ಹೊಸೆದುಕೊಂಡು ಕೇಳಿದ: "ಸಾರ್, ನಿಮ್ಮ ವೈನು ದೇವರ ದಯದಿಂದ ತಾನಾಗಿಯೇ ಹಾಳಾದದ್ದಲ್ವಾ?"

ಫಿಡೆಲಿಸ್ ಬೇಯಿಸಿದ ಏಡಿಯಂತೆ ಕೆಂಪಾದ. "ಹಾಳಾಗುವುದಾ? ನಮ್ಮ ಮನೆಯ ವೈನಾ?"

"ಹಾಗಾದ್ರೆ... ಏನಾದ್ರೂ ಬೆರೆಸಿದ್ರಾ?"

"ಬೆರೆಸುವುದಾ! ಏಳು ತಲೆಮಾರಲ್ಲಿ ಒಬ್ಬ ಬೆರೆಸಿಲ್ಲ!"

"ಎರಡರಲ್ಲಿ ಒಂದು ಆಗಿರಲೇಬೇಕಲ್ಲ," ಎಂದ ತಾರಾನಾಥ.

ಫಿಡೆಲಿಸ್ ಮೊಯ್ದಿನನ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದ. "ನಿಜ ಹೇಳು, ಯಾರು ಹೇಳಿದರು ನಿನಗೆ? ಒಂದು ವರ್ಷ ಅಪ್ಪ ಪೀಪಾಯಿಯ ಬಿರಡೆ ಮುಚ್ಚಲು ಮರೆತರು. ಪೀಪಾಯಿಗೆ ಪೀಪಾಯಿಯೇ ತಾನಾಗಿ ಹುಳಿಯಾಯಿತು. ಮರ್ಯಾದೆ ಹೋಗುತ್ತದೆಂದು, ಬೇಕೆಂದೇ ಮಾಡಿದ ವಿನೆಗರ್ ಅಂತ ಊರಿಗೆಲ್ಲ ಹಂಚಿದೆವು."

"ಅಲ್ಹಮ್ದುಲಿಲ್ಲಾಹ್!" ಪರದೆಯ ಆಚೆಯಿಂದ ಉಸ್ತಾದರ ಧ್ವನಿ ಬಂತು. ಸುಬೈದಾ ಆಗಲೇ ಮಸಾಲೆಗೆ ಶೀಸೆ ಬಗ್ಗಿಸಿದ್ದಳು.

ಮೀನು ಅಮೃತವಾಗಿತ್ತು. ಫಿಡೆಲಿಸ್ ಬೆರಳು ನೆಕ್ಕುವುದನ್ನು ನೋಡಿ ಮೊಯ್ದಿನನಿಗೆ ಧೈರ್ಯ ಬಂತು. "ಸಾರ್, ಆ ಆಫೀಸಿನ ಕೆಲಸ..."

"ನಿನಗೇ ಎಂದು ನಿನ್ನೆಯೇ ತೀರ್ಮಾನಿಸಿದ್ದೆ," ಎಂದ ಫಿಡೆಲಿಸ್. "ಆದರೆ ಅಲ್ಲಿ ನಿನ್ನ ಪಕ್ಕದ ಮೇಜು ಜರ್ಟ್ರೂಡಳದು. ನಮ್ಮೂರಿನವಳು, ಅವಳಪ್ಪನದೂ ದ್ರಾಕ್ಷಿ ತೋಟ. ಇಷ್ಟೆಲ್ಲ ತಿಳಿದುಕೊಂಡವನನ್ನು ಅವಳ ಪಕ್ಕ ಕೂರಿಸಲೇ? ನಿನಗೆ ರಾಸ್ ಲಫಾನೇ ಒಳ್ಳೆಯದು, ಮೊಯ್ದಿನ್. ಅಲ್ಲಿ ಜರ್ಮನರು ಯಾರೂ ಇಲ್ಲ."

ಎಂದವನು ಕೊನೆಯ ತುಂಡಿಗೆ ಕೈ ಚಾಚಿದ.