ತೊಕುಜಿ ಮೇಷ್ಟ್ರ ಅರ್ಧ ಅಲೆ

ತೊಕುಜಿ ಮೇಷ್ಟ್ರು ಚೀಟಿಯಲ್ಲಿ ‘ಒಂದೂವರೆ’ ಎಂದು ಬರೆದರು. ಒಂದೂವರೆ ಏನು ಎಂದು ಬರೆಯಲಿಲ್ಲ. ಆವತ್ತಿನ ಅವಾಂತರಕ್ಕೆಲ್ಲ ಅದೇ ಮೂಲ.

ಮಧ್ಯಾಹ್ನ ಹನ್ನೆರಡೂಕಾಲಿಗೆ ಮಗಳು ಚಿಜುರು ಟೋಕಿಯೊದಿಂದ ಟೀವಿಯಲ್ಲಿ ಹಾಡುವವಳಿದ್ದಳು. ಮೂರು ವರ್ಷದಿಂದ ಅವಳ ಮುಖ ಕಂಡಿರದ ಮೇಷ್ಟ್ರು ಹಳೆಯದೊಂದು ಟೀವಿ ತಂದಿಟ್ಟಿದ್ದರು. ಓಣಿಗೆಲ್ಲ ಅದೊಂದೇ. ಆಂಟೆನಾದ ಲೆಕ್ಕವೂ ಅವರದೇ: ಅಲೆಯ ವೇಗ ಸೆಕೆಂಡಿಗೆ ಮೂವತ್ತು ಕೋಟಿ ಮೀಟರ್, ಕಂಪನ ಸೆಕೆಂಡಿಗೆ ಹತ್ತು ಕೋಟಿ. ಭಾಗಿಸಿದರೆ ಒಂದು ಅಲೆಯ ಉದ್ದ ಮೂರು ಮೀಟರ್. ಆಂಟೆನಾಕ್ಕೆ ಅದರ ಅರ್ಧ ಸಾಕು.

ಹನ್ನೆರಡಕ್ಕೆ ತಗಡಿನ ಕೆಲಸದ ಗೊನ್‌ಜೊ ಆ ಚೀಟಿಯಂತೆ ಆಂಟೆನಾಕ್ಕೆ ಎರಡು ಕೊಳವೆ ತುಂಡು ತಂದ. ಜೋಡಿಸಿದರೂ ಮೊಳದುದ್ದ ಆಗಲಿಲ್ಲ.

“ಇದೇನಯ್ಯಾ?”

“ಒಂದೂವರೆ ಶಾಕು, ಮೇಷ್ಟ್ರೇ. ನಮ್ಮಜ್ಜನ ಹಳೇ ಅಳತೆಕೋಲಲ್ಲೇ ಅಳ್ದಿದೀನಿ.”

“ನಾನು ಹೇಳಿದ್ದು ಮೀಟರು ಕಣಯ್ಯಾ! ಒಂದು ಮೀಟರಂದ್ರೆ ಮೂರು ಶಾಕಿಗೂ ಜಾಸ್ತಿ!”

“ಗಿಡ್ಡ ಮೇಷ್ಟ್ರಿಗೆ ಗಿಡ್ಡ ಆಂಟೆನಾ. ಸರಿಹೋಯ್ತು ಬಿಡಿ!” ಎಂದು ಆರಡಿಯ ಗೊನ್‌ಜೊ ಕಿಸಕ್ಕನೆ ನಕ್ಕ.

ಬೇರೆ ಕೊಳವೆ ತರಲು ಹೊತ್ತಿರಲಿಲ್ಲ. ಮೇಷ್ಟ್ರು ಅದನ್ನೇ ಹಿಡಿದು ಮಾಡು ಹತ್ತಿದರು. ಕೆಳಗೆ ಓಣಿಯ ಜನವೆಲ್ಲ ಜಮಾಯಿಸಿ, ಬರೀ ಚುಕ್ಕಿ ಕುಣಿಯುತ್ತಿದ್ದ ಟೀವಿ ನೋಡಿ ಸಲಹೆ ಕೂಗಿತು.

“ಎಡಕ್ಕೆ, ಮೇಷ್ಟ್ರೇ!”

“ಛೆ, ಬಲಕ್ಕೆ!”

“ಹೇಗೂ ಮೇಲಿದ್ದೀರಿ, ನಮ್ಮನೆ ಹಂಚು ಒಡ್ದಿದೆಯಾ ನೋಡ್ಬಿಡಿ!”

ಹಂಚು ನೋಡಲು ಹೋಗಿ ಮೇಷ್ಟ್ರ ಕಾಲು ಜಾರಿತು. ಕೊಳವೆಗಳು ಕಳಚಿ ಗಡಗಡ ಉರುಳಿದವು. ಟೀವಿಯಿಂದ ಬಂದ ಎರಡು ತಂತಿಗಳನ್ನು ಮುಷ್ಟಿಗೊಂದರಂತೆ ಹಿಡಿದು, ಬೀಳದಿರಲು ಮೇಷ್ಟ್ರು ಕೈ ಅಗಲಿಸಿ ನಿಂತರು.

“ಬಂತು! ಚಿತ್ರ ಬಂತು!” ಕೆಳಗಿನಿಂದ ಹೆಂಡತಿ ಫುಸಾ ಕೂಗಿದಳು. “ರೀ, ಕೈ ಇಳಿಸ್ಬೇಡ್ರೀ!”

ಗೊನ್‌ಜೊ ಓಡಿ ಮೇಲೆ ಬಂದ. “ತಪ್ಪು ನಂದು, ಮೇಷ್ಟ್ರೇ. ನಾನು ನಿಲ್ತೀನಿ. ನೀವು ಹೋಗಿ ಮಗಳನ್ನ ನೋಡಿ.”

ಮೇಷ್ಟ್ರ ಕಣ್ಣು ತುಂಬಿತು. ಎಂಥ ನೆರೆಯವರು! ಆದರೆ ಗೊನ್‌ಜೊ ತಂತಿ ಹಿಡಿದು ತನ್ನ ಉದ್ದ ಕೈ ಚಾಚಿದ್ದೇ ತಡ, “ಅಯ್ಯೋ ಹೋಯ್ತು!” ಎಂದಿತು ಓಣಿ. ಮೇಷ್ಟ್ರು ಚಾಚಿದರೆ ಬಂತು. ಚಾಚಿದ ಅವರ ಕೈಗಳ ಅಳತೆ ಬೆರಳತುದಿಯಿಂದ ಬೆರಳತುದಿಗೆ ಸರಿಯಾಗಿ ಒಂದೂವರೆ ಮೀಟರ್. ಲೆಕ್ಕದಲ್ಲಿ ಒಂಚೂರೂ ತಪ್ಪಿರಲಿಲ್ಲ.

ಮಗಳ ಮುಖ ಕಾಣದಿದ್ದರೇನು, ಫುಸಾ ನೋಡುತ್ತಾಳಲ್ಲ ಎಂದು ಮೇಷ್ಟ್ರು ಗಟ್ಟಿಯಾಗಿ ನಿಂತರು. ಕಿಟಕಿಯಿಂದ ಚಿಜುರು ದನಿ ಕೇಳಿಸಿತು:

“ಹಾಡೋಕೆ ಮುಂಚೆ ನಮ್ಮಪ್ಪನಿಗೆ ನಮಸ್ಕಾರ ಮಾಡ್ತೀನಿ. ಅಪ್ಪಾ, ನಿಮ್ಮಿಂದಲೇ ನಾನು ಇಲ್ಲಿ ನಿಂತಿರೋದು.”

ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದವರೇ ಅಲ್ಲ ಮೇಷ್ಟ್ರು. ಎರಡೂ ಕೈಗಳನ್ನು ಸೊಂಟದ ಪಕ್ಕಕ್ಕೆ ಇಳಿಸಿ, ಟೋಕಿಯೊ ದಿಕ್ಕಿಗೆ ನಡುಬಗ್ಗಿಸಿದರು.

ಕೆಳಗೆ ಓಣಿಗೆ ಓಣಿಯೇ ಬೊಬ್ಬೆಯಿಟ್ಟಿತು. ಮಗಳ ಮಾತಿಗೆ ಜನರ ಮೆಚ್ಚುಗೆ ಎಂದುಕೊಂಡ ಮೇಷ್ಟ್ರು ಇನ್ನಷ್ಟು ಬಾಗಿದರು.