ಸಭೆಗೆ ಮೊದಲೇ ಬರೆದ ನಡಾವಳಿ

ಅಕ್ಷರ ದುಂಡಗಿದ್ದವರನ್ನು ಜನ ಬೇಗ ನಂಬುತ್ತಾರೆ. ಬರಹ ನೆಟ್ಟಗಿದ್ದರೆ ಮನುಷ್ಯನೂ ನೆಟ್ಟಗಿರುತ್ತಾನೆಂದು ಅವರ ಎಣಿಕೆ. ಮೆಟ್ರಿಕ್ ಮುಗಿಸಿ ಗೋಕಾಕದ ದವಾಖಾನೆಯೊಂದರಲ್ಲಿ ಕಂಪೌಂಡರ್ ಆಗಿದ್ದ ನನಗೆ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕುಟುಂಬ ವೈದ್ಯರ ಸಂಘದ ನಡಾವಳಿ ಬರೆಯುವ ಕೆಲಸ ಸಿಕ್ಕಿದ್ದು ಈ ಅಕ್ಷರದಿಂದಲೇ. ವೈದ್ಯರೇ ಬರೆದಿದ್ದರೆ ಓದಿಸಲು ಔಷಧಿ ಅಂಗಡಿಯವನನ್ನು ಕರೆಸಬೇಕಾಗುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ ಒಪ್ಪಿಕೊಳ್ಳುತ್ತೇನೆ. ಆ ನಡಾವಳಿಗಳನ್ನು ನಾನು ಸಭೆಗೆ ಮೊದಲೇ ಬರೆದಿಡುತ್ತಿದ್ದೆ. ಮಧ್ಯಾಹ್ನ ದವಾಖಾನೆ ಖಾಲಿ ಇರುವಾಗ ಫ್ಯಾನಿನ ಕೆಳಗೆ ಕುಳಿತು ಸ್ವಾಗತ, ಅಧ್ಯಕ್ಷರ ನಾಲ್ಕು ಮಾತು, ವಂದನಾರ್ಪಣೆ ಎಲ್ಲ ಮುಗಿಸಿಬಿಟ್ಟರೆ, ಸಂಜೆ ನನ್ನ ಎರಡೂ ಕೈ ಮಿರ್ಚಿ ಭಜಿಗೆ ಬಿಡುವಾಗಿರುತ್ತಿದ್ದವು. ಎಣ್ಣೆ ಪದಾರ್ಥ ಮುಟ್ಟಬೇಡಿ ಎಂದು ಬೆಳಿಗ್ಗೆ ಪೇಶಂಟುಗಳಿಗೆ ಹೇಳಿದವರೇ ಎರಡನೇ ಪ್ಲೇಟಿಗೆ ಕೈ ಚಾಚುತ್ತಿದ್ದುದೂ ನಡಾವಳಿಯಲ್ಲಿಲ್ಲ.

ಮೂಡಲಗಿಯ ಬಾಳಪ್ಪ ಡಾಕ್ಟರು ಕೊನೆಯ ಪೇಶಂಟನ್ನು ನೋಡಿಯೇ ಬಸ್ಸು ಹತ್ತುವವರು. ಅವರು ಬರುವ ಹೊತ್ತಿಗೆ ನಾವು ಕುರ್ಚಿ ಮಡಚುತ್ತಿದ್ದೆವು. ಹಾಗಾಗಿ 'ಬಾಳಪ್ಪ ಡಾಕ್ಟರು ಗೈರುಹಾಜರು' ಎಂದು ಮುಂಚೆಯೇ ಬರೆದಿಡುತ್ತಿದ್ದೆ. ಹಾಗೆ ಮಡಚಿದ ಕುರ್ಚಿಗಳ ನಡುವೆ ನಿಂತು ಒಮ್ಮೆ ಅವರೆಂದರು: "ಒಬ್ಬರು ಪರಊರಿಗೆ ಹ್ವಾದ್ರ ಅವರ ಪೇಶಂಟ್‌ನ ಇನ್ನೊಬ್ಬರು ನೋಡೂಣ್ರಿ. ಆಮ್ಯಾಲೆ ಚೀಟಿ ಬರದು ಅವರ ಕಡೇನ ತಿರುಗಿ ಕಳಸೂಣು." ಅಲ್ಲಿಯವರೆಗೆ ಪೇಶಂಟು ಕೈತಪ್ಪುತ್ತಾನೆಂದು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತಿದ್ದ ವೈದ್ಯರು ಆ ಚೀಟಿಯಿಂದಲೇ ನಿಜವಾದ ಸಂಘವಾದರು. ಆದರೆ ಗೈರುಹಾಜರಾದವರ ಮಾತನ್ನು ಬರೆಯುವುದು ಹೇಗೆ? ಅಧ್ಯಕ್ಷರ ಹೆಸರಿಗೆ ಹಾಕಿದೆ.

ಈ ವರ್ಷ ಸಂಘದ ಇತಿಹಾಸ ಬರೆಯಲು ಕುಳಿತ ಕಾರ್ಯದರ್ಶಿ, ಹುಕ್ಕೇರಿಯ ಡಾಕ್ಟರ್ ಮೇಡಂ, ಹಳೆಯ ನಡಾವಳಿ ಪುಸ್ತಕಗಳನ್ನು ಹಿಡಿದು ನಮ್ಮ ಮನೆಗೆ ಬಂದರು.

"ಕಾಕಾ, ಈ ಬಾಳಪ್ಪ ಡಾಕ್ಟರ್ ಒಂದ ಸಭಾಕ್ಕೂ ಬಂದಿಲ್ಲಲ್ರಿ. ಅವರ ಹೆಸರು ಬಿಟ್ಟಬಿಡ್ತೇನಿ."

ಚಹಾ ಕೆಳಗಿಟ್ಟೆ. ಎಲ್ಲವನ್ನೂ ಹೇಳಿದೆ. ಮೇಡಂ ನಗಲೂ ಇಲ್ಲ, ಬೈಯಲೂ ಇಲ್ಲ. "ಇದನ್ನ ರವಿವಾರ ಸಭಾದಾಗ ಎದ್ದ ನಿಂತು ಹೇಳ್ರಿ. ಎಲ್ಲಾರೂ ಒಪ್ಪಿದ್ರ ಅವರ ಹೆಸರು ಮೊದಲನೇ ಪುಟಕ್ಕ. ಅವತ್ತಿನ ನಡಾವಳೀನೂ ನೀವ ಬರೀರಿ."

ಮರುದಿನವೇ ಕ್ಷಮೆ ಕೇಳಲು ಮೂಡಲಗಿಗೆ ಹೋದೆ. ಬಾಳಪ್ಪ ಡಾಕ್ಟರು ಇನ್ನೂ ಪೇಶಂಟುಗಳ ನಡುವೆಯೇ ಇದ್ದರು.

"ಸಾಹೇಬ್ರ, ಇಷ್ಟ ವರ್ಷ ನಿಮ್ಮನ್ನ ಗೈರುಹಾಜರ್ ಮಾಡೇನ್ರಿ."

"ನಾ ಬರೂದ್ರಾಗ ಭಜಿ ಮುಗಸ್ತಿದ್ರಿ. ನನಗ ಸಿಟ್ಟಿದ್ರ ಅದರದೊಂದು ಐತಿ ನೋಡಪಾ."

"ರವಿವಾರ ಲಗೂನ ಬರ್ರಿ."

"ಪೇಶಂಟ್ ಬಿಟ್ರ ಬರ್ತೇನಿ."

ರವಿವಾರ ಮಧ್ಯಾಹ್ನ ಪಶ್ಚಾತ್ತಾಪದ ಭರದಲ್ಲಿ, ಹಳೆಯ ರೂಢಿಯಂತೆ, ನಡಾವಳಿಯನ್ನು ಮೊದಲೇ ಬರೆದೆ. 'ಬಾಳಪ್ಪ ಡಾಕ್ಟರು ಸಭೆಯಲ್ಲಿ ಹಾಜರಿದ್ದರು' ಎಂಬ ಸಾಲನ್ನು ಉಳಿದವಕ್ಕಿಂತ ದಪ್ಪಗೆ ಬರೆದೆ. ಸಂಜೆ ಸಭೆ ಶುರುವಾಯಿತು. ಅವರ ಕುರ್ಚಿ ಖಾಲಿ.

ನನ್ನ ತಪ್ಪೊಪ್ಪಿಗೆ ಐದೇ ನಿಮಿಷಕ್ಕೆ ಮುಗಿಯಿತು. ಎಲ್ಲರೂ ತಲೆಯಾಡಿಸಿದರು, ಹೆಸರು ಮೊದಲನೇ ಪುಟಕ್ಕೆ ಹೋಯಿತು. ಇನ್ನು ನಾನು ಕುಳಿತರೆ ವಂದನಾರ್ಪಣೆ, ಆಮೇಲೆ ಕುರ್ಚಿ ಮಡಚುವುದು. ನನ್ನ ಪಶ್ಚಾತ್ತಾಪದ ಪುಟವೂ ಸುಳ್ಳಾಗುತ್ತದೆ. ಬಾಗಿಲು ನೋಡುತ್ತ ಮಾತು ಮುಂದುವರಿಸಿದೆ. ಕೆಮ್ಮಿನ ಔಷಧಿಗೆ ನೀರು ಹೆಚ್ಚು ಬೆರೆಸಿದ್ದೆ ಎಂದೆ. ಬೆರೆಸಿರಲಿಲ್ಲ. ಆದರೂ ಬಾಗಿಲಲ್ಲಿ ಯಾರೂ ಇಲ್ಲ. ಹಿಂದೊಮ್ಮೆ ಕಳೆದುಹೋದ ಅಧ್ಯಕ್ಷರ ಛತ್ರಿಯನ್ನು ಒಯ್ದವನೂ ನಾನೇ ಎಂದೆ. ಅದನ್ನು ನಾನು ಮುಟ್ಟಿಯೂ ಇರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಹಳೆಯ ಅಧ್ಯಕ್ಷರು ತಲೆ ಎತ್ತಿದರು. "ನೀನ ಏನೋ ಅದನ್ನ ಒಯ್ದಾಂವ?"

ಅಷ್ಟರಲ್ಲಿ ಬಾಳಪ್ಪ ಡಾಕ್ಟರು ಒಳಗೆ ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು, ಭಜಿಯ ಪ್ಲೇಟಿಗೆ ಕೈ ಹಾಕಿದರು. ನಾನೂ ಕುಳಿತೆ. ಅವರ ಬಗ್ಗೆ ಸಭೆಗೆ ಮೊದಲೇ ಬರೆದ ನನ್ನ ಸಾಲೊಂದು ಮೊದಲ ಸಲ ಖರೆಯಾಯಿತು. ಈಗ ಅಧ್ಯಕ್ಷರಿಗೊಂದು ಛತ್ರಿ ಕೊಡಿಸಬೇಕಾಗಿದೆ.