ಮುಡಿ ಕೊಟ್ಟ ಮುಸುಕಿನ ಜೋಳ

ಮುಸುಕಿನ ಜೋಳದ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಅದು ಮೆಕ್ಸಿಕೋದಲ್ಲಿ ಹುಲ್ಲಾಗಿ ಹುಟ್ಟಿ, ಹಡಗು ಹತ್ತಿ, ಸಮುದ್ರ ದಾಟಿ, ಕೊನೆಗೆ ನಮ್ಮ ದೊಡ್ಡೇರಿಯ ಕೋಳಿ, ಹಸು, ಮಕ್ಕಳ ಹೊಟ್ಟೆ ಸೇರಿದ ಚರಿತ್ರೆಯನ್ನು ಮಗಳ ನಿಶ್ಚಿತಾರ್ಥದ ದಿನ ಬೀಗರಿಗೆ ಒಂದು ಗಂಟೆ ಹೇಳಿದೆ. ಬಲಸಮುದ್ರದ ಬೀಗರು ಆಕಳಿಸಿದರು. ಬೆರಗಾಗಿ ಬಾಯಿ ತೆರೆದರೆಂದು ನಾನು ತಿಳಿದೆ. "ಮುಂದಿನ ಸಲ ಬನ್ನಿ, ನಮ್ಮ ಹಿತ್ತಲಿನ ಜೋಳವನ್ನೇ ಸುಟ್ಟುಕೊಡ್ತೀನಿ!" ಎಂದು ಎಲ್ಲರೆದುರು ಮಾತು ಕೊಟ್ಟೂಬಿಟ್ಟೆ.

ಬಿತ್ತಿದೆ. ಗಿಡ ನನಗಿಂತ ಎತ್ತರ ಬೆಳೆಯಿತು. ಒಂದು ಬೆಳಿಗ್ಗೆ ನೋಡಿದರೆ ಪ್ರತಿ ಗಿಡದ ತುದಿಯಲ್ಲೂ ಗರಿಯಂಥ ಹೂ! ತೊಗರಿಯ ಕುಡಿ ಚಿವುಟಿದರೆ ಕವಲೊಡೆದು ಕಾಯಿ ಹೆಚ್ಚುತ್ತದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ತೊಗರಿಗೆ ಆದದ್ದು ಜೋಳಕ್ಕೆ ಆಗಬಾರದೇ? ಸ್ಟೂಲು ಹತ್ತಿ, ಕತ್ತರಿ ಹಿಡಿದು, ಒಂದೂ ಬಿಡದೆ ಕತ್ತರಿಸಿದೆ.

"ರೀ, ಹೂ ಕಿತ್ತಾಕಿದ್ರೆ ಕಾಳು ಹೆಂಗ್ರೀ ಕಟ್ತದೆ?" ಎಂದಳು ನನ್ನ ಹೆಂಡತಿ ಜಯಮ್ಮ.

"ಲೇ, ತೆನೆ ಬರೋದು ಸೊಂಟದಾಗೆ. ಹೂ ಇರೋದು ತಲೇಲಿ. ಅದಕ್ಕೂ ಇದಕ್ಕೂ ಏನೇ ಸಂಬಂಧ?"

ಪಕ್ಕದ ಮನೆಯ ರಂಗಣ್ಣ ಬೇಲಿಯಾಚೆಯಿಂದ ಇಣುಕಿದ. "ಏನ್ ಮೇಷ್ಟ್ರೇ, ಅಷ್ಟೂ ಗಿಡಕ್ಕೂ ಮುಡಿ ಕೊಡಿಸ್ಬುಟ್ರಾ?"

ನಾನು ನಕ್ಕು, ಸ್ಟೂಲು ಎತ್ತಿಕೊಂಡು ಒಳಗೆ ನಡೆದೆ. ಅಜ್ಞಾನಿಗಳನ್ನು ಕ್ಷಮಿಸುವುದು ನನ್ನ ಸ್ವಭಾವ.

ಬೀಗರು ಬಂದರು. ಕೆಂಡ ಸಿದ್ಧವಿತ್ತು. ಉದ್ದನೆಯ ತೆನೆಯೊಂದನ್ನು ಮುರಿದು ಅವರ ಕಣ್ಣೆದುರೇ ಸಿಪ್ಪೆ ಸುಲಿದೆ. ಒಳಗೆ ಬರೀ ದಿಂಡು! ಇನ್ನೊಂದು ಸುಲಿದೆ. ಅದೂ ದಿಂಡು. ಮೂರನೆಯದರಲ್ಲಿ ಮೂರು ಕಾಳಿದ್ದವು, ಅವೂ ಮಾತು ಬಿಟ್ಟ ದಾಯಾದಿಗಳ ಹಾಗೆ ದೂರ ದೂರ. ನನಗೆ ತಲೆಬುಡ ತಿಳಿಯಲಿಲ್ಲ. ಬೀಜವೇ ಖೋಟಾ ಇತ್ತೇ? ಗೊಬ್ಬರ ಸಾಲಲಿಲ್ಲವೇ? ಸಿಪ್ಪೆ ಬಿಚ್ಚದೆ ಕಾಳು ತಿನ್ನುವ ಇಲಿ ಯಾವುದಾದರೂ ಇದೆಯೇ? ನಾಚಿಕೆಯಿಂದ ಬೀಗರ ಮುಖ ನೋಡಲಾಗಲಿಲ್ಲ.

"ಏಂ ಬೀಗ್ರೇ, ಗಿಂಜಲೇ ಲೇವು ಕದಾ!" ಎಂದರು ಬೀಗರು, ತಮ್ಮ ಮನೆಮಾತು ತೆಲುಗಿನಲ್ಲಿ. "ಕಾಳೇ ಇಲ್ವಲ್ಲ! ಎಲ್ಲ ಮೆಕ್ಸಿಕೋದಾಗೇ ಉಳ್ಕಂಡ್ವಾ?"

ಜಯಮ್ಮ ಆ ತೆನೆಗಳನ್ನು ಹಸುವಿನ ಮುಂದೆ ಹಾಕಿ, ಉಪ್ಪಿಟ್ಟಿಗೆ ರವೆ ಹುರಿಯಲು ಒಳಗೆ ಹೋದಳು.

ಕೊನೆಗೆ ಬಾಯಿ ಬಿಟ್ಟವಳು ಮಗಳು. "ಅಪ್ಪಾ, ಆ ಹೂವಿನ ಪುಡಿ ಉದುರಿ ತೆನೆಯ ಕೂದಲ ಮೇಲೆ ಬಿದ್ರೇನೇ ಕಾಳು ಕಟ್ಟೋದು. ಪರಾಗಸ್ಪರ್ಶ ಅಂತ. ಏಳನೇ ಕ್ಲಾಸಲ್ಲಿ ಪಾಠ ಇತ್ತಲ್ಲ!"

ಇತ್ತು. ಇಪ್ಪತ್ತೆರಡು ವರ್ಷದಿಂದ ಆ ಪಾಠ ಮಾಡುತ್ತಿರುವ ವಿಜ್ಞಾನದ ಮೇಷ್ಟ್ರು ನಾನೇ. ಆ ಮಕ್ಕಳೆಲ್ಲ ಹೇಗೆ ಪಾಸಾದರೋ, ನನಗಂತೂ ಇನ್ನೂ ಅರ್ಥವಾಗಿಲ್ಲ.